ವಾಟ್ಸ್‌ಆ್ಯಪ್‌ನಲ್ಲಿ ಬಂದ ‘ನುಡಿ’ಯನ್ನು ಹಾಕಿಕೊಳ್ಳಬಹುದೇ?

ಪ್ರಶ್ನೆ: ವಿಜಯನಗರದಲ್ಲಿ ನನ್ನದೊಂದು ಡಿ.ಟಿ.ಪಿ. ಅಂಗಡಿ. ಗಿರಾಕಿಯೊಬ್ಬರು ಹಳೆಯ ಪೇಜ್‌ಮೇಕರ್ ಫೈಲ್ ತಂದಿದ್ದಾರೆ, ಅದಕ್ಕೆ ಹಳೆಯ ನುಡಿ ಫಾಂಟ್ ಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಸೆಟಪ್ ಫೈಲ್ ಕಳಿಸಿ, ‘ಆ್ಯಂಟಿವೈರಸ್ ಆಫ್ ಮಾಡಿ ಹಾಕ್ಕೊಳ್ಳಿ’ ಎಂದರು. ಜಿಎಸ್‌ಟಿ ಲೆಕ್ಕ, ನೆಟ್ ಬ್ಯಾಂಕಿಂಗ್ ಎಲ್ಲ ಅದೇ ಕಂಪ್ಯೂಟರಿನಲ್ಲಿದೆ. ವರ್ಚುವಲ್ ಮಷೀನಿನಲ್ಲಿ ಒಮ್ಮೆ ಓಡಿಸಿ ನೋಡಿ, ಏನೂ ಆಗದಿದ್ದರೆ ಹಾಕಿಕೊಳ್ಳಲೇ?

ಉತ್ತರ: ಆ್ಯಂಟಿವೈರಸ್ ಆಫ್ ಮಾಡಬೇಡಿ. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತ. ಮೊದಲು ಅದರಲ್ಲೇ ಫೈಲ್ ಸರಿಯಾಗಿ ಕಾಣುತ್ತದೆಯೇ ನೋಡಿ. ಕಾಣದಿದ್ದರಷ್ಟೇ ಮುಂದಿನ ಮಾತು.

ಒತ್ತಿದ ಪ್ರತಿ ಕೀಲಿಯನ್ನೂ ಹಿಡಿದು ಕನ್ನಡ ಅಕ್ಷರ ಮಾಡುವುದು ನುಡಿಯಂಥ ಕೀಲಿಮಣೆ ತಂತ್ರಾಂಶದ ಕೆಲಸ. ಪಾಸ್‌ವರ್ಡ್ ಕದಿಯುವ ತಂತ್ರಾಂಶವೂ ಕೀಲಿಗಳನ್ನೇ ಹಿಡಿಯುತ್ತದೆ. ಎರಡನ್ನೂ ಹೊರಗಿನಿಂದ ಬೇರ್ಪಡಿಸುವುದು ಕಷ್ಟ.

‘ಒಮ್ಮೆ ಓಡಿಸಿ ನೋಡಿ’ ಎಂಬುದನ್ನು ನಾನು ಒಪ್ಪುವುದಿಲ್ಲ. ತಾನಿರುವುದು ವರ್ಚುವಲ್ ಮಷೀನ್ ಎಂದು ಪತ್ತೆಹಚ್ಚಿ ತೆಪ್ಪಗಿರುವ ವೈರಸ್‌ಗಳಿವೆ. ಒಳಗೆ ಏನೂ ಆಗಲಿಲ್ಲವೆಂದರೆ ಫೈಲ್ ಶುದ್ಧ ಎಂದರ್ಥವಲ್ಲ. ಅದನ್ನು ಅಲ್ಲೇ ಇಟ್ಟುಕೊಂಡು ಕೆಲಸವನ್ನೂ ಅಲ್ಲೇ ಮುಗಿಸಿ. ಪುಟಗಳನ್ನು ಪಿಡಿಎಫ್ ಮಾಡಿ, ಅದೊಂದನ್ನೇ ಹೊರತನ್ನಿ.

ಉಚಿತವಾಗಿ ಸಿಗುವ ವರ್ಚುವಲ್‌ಬಾಕ್ಸ್ ಸಾಕು. 8 ಜಿಬಿ ರ್‍ಯಾಮ್ ಇದ್ದರೆ ಒಳಗಿನ ಮಷೀನಿಗೆ 4 ಜಿಬಿ ಕೊಡಿ. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಆಗಿರಬೇಕು. ವಿಂಡೋಸ್ ಹಾಕಿದ ಕೂಡಲೇ ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಕೆಲಸವಾದ ಮೇಲೆ ಅದೇ ಸ್ಥಿತಿಗೆ ಮರಳಬಹುದು. ಸೆಟಪ್ ಓಡಿಸುವ ಮೊದಲು ನೆಟ್‌ವರ್ಕ್ ಕಡಿಯಿರಿ. ಇದನ್ನು ಬಹಳ ಜನ ಮರೆಯುತ್ತಾರೆ: ಮಾಮೂಲಿ ಸೆಟ್ಟಿಂಗ್‌ನಲ್ಲಿ ಒಳಗಿನ ಮಷೀನು ಇಂಟರ್‌ನೆಟ್ಟಿಗಷ್ಟೇ ಅಲ್ಲ, ಅಂಗಡಿಯ ಉಳಿದ ಕಂಪ್ಯೂಟರುಗಳಿಗೂ ತಲುಪಬಲ್ಲದು. ಫೈಲ್ ಒಳಗೆ ಕಳಿಸುವ ಶೇರ್ಡ್ ಫೋಲ್ಡರ್ ಓದುವುದಕ್ಕೆ ಮಾತ್ರ ಇರಲಿ. ಪಿಡಿಎಫ್ ಹೊರತರಲು ಬೇರೊಂದು ಖಾಲಿ ಫೋಲ್ಡರ್ ಕೊಟ್ಟು, ಆಮೇಲೆ ತೆಗೆದುಬಿಡಿ. ಗಿರಾಕಿಯ ಪೆನ್‌ಡ್ರೈವ್ ಒಳಗಿನ ಮಷೀನಿಗೆ ಜೋಡಿಸಬೇಡಿ. ಅದೇ ಡ್ರೈವ್ ನಾಳೆ ಇನ್ನೊಂದು ಕಂಪ್ಯೂಟರಿಗೆ ಹೋಗುತ್ತದೆ.

ವಿಂಡೋಸ್ ಪ್ರೊ ಇದ್ದರೆ 2019ರಿಂದ ಬಂದಿರುವ ವಿಂಡೋಸ್ ಸ್ಯಾಂಡ್‌ಬಾಕ್ಸ್ ಇನ್ನೂ ಸುಲಭ. ಮುಚ್ಚಿದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ. ಆದರೆ ಅದರಲ್ಲಿ ನೆಟ್‌ವರ್ಕ್, ಕ್ಲಿಪ್‌ಬೋರ್ಡ್ ಎರಡೂ ಮೊದಲಿನಿಂದಲೇ ತೆರೆದಿರುತ್ತವೆ, ನೀವೇ ಮುಚ್ಚಬೇಕು. ಹೋಮ್ ಆವೃತ್ತಿಯಲ್ಲಿ ಈ ಸೌಲಭ್ಯವಿಲ್ಲ.

ಪ್ರಶ್ನೆ: ಒಳಗಿನ ವೈರಸ್ ಹೊರಗೆ ಬರಲು ಸಾಧ್ಯವೇ ಇಲ್ಲವೇ ಸರ್? — ವಿದ್ಯಾರ್ಥಿ, ಕೆಂಗೇರಿ

ಉತ್ತರ: ಅಪರೂಪ, ಆದರೆ ಸಾಧ್ಯ. 2015ರಲ್ಲಿ ಬಯಲಾದ ‘ವೆನಮ್’ ದೋಷ ಕ್ಯೂಎಮು ಎಂಬ ವರ್ಚುವಲ್ ಮಷೀನ್ ತಂತ್ರಾಂಶದ ಫ್ಲಾಪಿ ಡ್ರೈವ್ ಕೋಡಿನಲ್ಲಿತ್ತು. ಅದೇ ಕೋಡ್ ಬಳಸುತ್ತಿದ್ದ ವರ್ಚುವಲ್‌ಬಾಕ್ಸ್‌ಗೂ ತಟ್ಟಿತು. ಯಾರೂ ಬಳಸದ ಫ್ಲಾಪಿಯೇ ದಾರಿಯಾಗಿತ್ತು ನೋಡಿ. ಆದ್ದರಿಂದ ವರ್ಚುವಲ್‌ಬಾಕ್ಸ್ ಅಪ್‌ಡೇಟ್ ಆಗಿರಲಿ. ಯುಎಸ್‌ಬಿ, ಧ್ವನಿ, ಥ್ರೀಡಿ ಇವುಗಳಲ್ಲಿ ಬೇಡದ್ದನ್ನೆಲ್ಲ ಸೆಟ್ಟಿಂಗ್‌ನಲ್ಲಿ ತೆಗೆದುಹಾಕಿ.