ಹ್ಯಾಟೆಯೋ ಹುಂಜವೋ? ಮಾರುವ ಮೊದಲು ಗುರುತಿಸಿ



ಹಾಲಿನ ಬಟವಾಡೆ ವಾರಕ್ಕೋ ಹದಿನೈದು ದಿನಕ್ಕೋ ಬರುತ್ತದೆ. ನಡುವಿನ ದಿನಗಳಲ್ಲಿ ಕೈಖರ್ಚಿಗೆ ಆಗುವುದು ಹಿತ್ತಲ ಕೋಳಿ. ಆದರೆ ಎಳೆಯ ಕೋಳಿಗಳಲ್ಲಿ ಗಂಡು ಹೆಣ್ಣು ತಿಳಿಯದೆ, ಹುಂಜವೆಂದು ಹ್ಯಾಟೆಯನ್ನೇ ಮಾರಿಬಿಡುವುದುಂಟು. ಒಂದು ನಾಟಿ ಕೋಳಿ ವರ್ಷಕ್ಕೆ ಸುಮಾರು 50ರಿಂದ 60 ಮೊಟ್ಟೆ ಇಡುತ್ತದೆ. ಅದನ್ನು ನಿಮ್ಮೂರಿನ ನಾಟಿ ಮೊಟ್ಟೆಯ ದರದಿಂದ ಗುಣಿಸಿ ನೋಡಿ. ಒಂದು ತಪ್ಪು ಮಾರಾಟದ ನಷ್ಟ ಎಷ್ಟೆಂದು ತಿಳಿಯುತ್ತದೆ.

ಮರಿಯಲ್ಲಿ ಆತುರ ಬೇಡ

ಚೂಪು ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹ್ಯಾಟೆ ಎಂಬ ಮಾತು ನಿಜವಲ್ಲ. ಒಂದು ದಿನದ ಮರಿಯ ಗುದದ್ವಾರ ನೋಡಿ ಹೇಳುವ ವಿಧಾನ ಹ್ಯಾಚರಿಗಳಲ್ಲಿದೆ. ಅದಕ್ಕೆ ತರಬೇತಿ ಬೇಕು. ಅರಿಯದೆ ಒತ್ತಿದರೆ ಮರಿ ಸಾಯಬಹುದು. ರೆಕ್ಕೆ ಗರಿಯ ಉದ್ದ ನೋಡುವ ವಿಧಾನ ಅದಕ್ಕೆಂದೇ ಬೆಳೆಸಿದ ಕೆಲವು ತಳಿಗಳಿಗೆ ಮಾತ್ರ. ನಾಟಿ ಮರಿಗಳಲ್ಲಿ ಅದನ್ನು ನಂಬುವಂತಿಲ್ಲ.

6ರಿಂದ 8 ವಾರ: ಜುಟ್ಟು ನೋಡಿ

ಹುಂಜದ ಜುಟ್ಟು ಬೇಗ ದಪ್ಪವಾಗಿ ಕೆಂಪೇರುತ್ತದೆ. ಗದ್ದದ ಕೆಳಗಿನ ಜೋಲೂ ಕಾಣತೊಡಗುತ್ತದೆ. ಹ್ಯಾಟೆಯ ಜುಟ್ಟು ಚಿಕ್ಕದಾಗಿ, ತಿಳಿ ಹಳದಿ ಅಥವಾ ನಸುಗೆಂಪಾಗಿಯೇ ಇರುತ್ತದೆ. ಹುಂಜದ ಕಾಲು ದಪ್ಪ, ನಿಲುವು ನೆಟ್ಟಗೆ.

ಒಂದೇ ಕಾವಿನ, ಒಂದೇ ತಳಿಯ ಮರಿಗಳನ್ನು ಮಾತ್ರ ಪರಸ್ಪರ ಹೋಲಿಸಿ. ಗಿರಿರಾಜ ಹ್ಯಾಟೆ ಅದೇ ವಯಸ್ಸಿನ ನಾಟಿ ಹುಂಜಕ್ಕಿಂತ ದೊಡ್ಡದಾಗಿ ಕಾಣಬಹುದು. ಅಸೀಲ್‌ನಂತಹ ಜಗಳದ ಕೋಳಿಗಳಲ್ಲಿ ಹುಂಜಕ್ಕೂ ಜುಟ್ಟು ಚಿಕ್ಕದೇ. ಅಲ್ಲಿ ಜುಟ್ಟನ್ನು ಬಿಟ್ಟು ಗರಿಯನ್ನು ನೋಡಿ.

10ರಿಂದ 14 ವಾರ: ಗರಿ ನೋಡಿ

ಇದು ಹೆಚ್ಚು ನಂಬಬಹುದಾದ ಗುರುತು. ಕೋಳಿಯ ಬೆನ್ನು ಮುಗಿದು ಬಾಲ ಶುರುವಾಗುವ ಕಡೆ, ಸೊಂಟದ ಮೇಲಿನ ಗರಿ ಬಿಡಿಸಿ ನೋಡಿ.

• ಹುಂಜ: ಗರಿ ಕಿರಿದು, ಉದ್ದ, ತುದಿ ಭತ್ತದ ಎಲೆಯಂತೆ ಚೂಪು, ಹೊಳಪು ಹೆಚ್ಚು.
• ಹ್ಯಾಟೆ: ಗರಿ ಅಗಲ, ತುದಿ ಬೆರಳಿನಂತೆ ದುಂಡು.

ಕತ್ತಿನ ಗರಿಯಲ್ಲೂ ಇದೇ ವ್ಯತ್ಯಾಸ ಕಾಣುತ್ತದೆ. ಮುಂದೆ ಹುಂಜದ ಬಾಲದಲ್ಲಿ ಕುಡುಗೋಲಿನಂತೆ ಬಾಗಿದ ಗರಿ ಬರುತ್ತದೆ. ಕಂದು ಬಣ್ಣದ ಕೋಳಿಗಳಲ್ಲಿ ಹುಂಜದ ರೆಕ್ಕೆಯ ಮೇಲ್ಭಾಗಕ್ಕೆ ಕೆಂಪು ಹೊಳಪು ಬರುತ್ತದೆ. ಹ್ಯಾಟೆಯ ಬಣ್ಣ ಮೈತುಂಬ ಒಂದೇ ತೆರನಾಗಿರುತ್ತದೆ.

ಮೋಸ ಮಾಡುವ ಗುರುತುಗಳು

ಎದುರುಬದುರು ನಿಂತು ಕತ್ತು ಕೆದರಿದ ಮಾತ್ರಕ್ಕೆ ಹುಂಜವಲ್ಲ. ಎಳೆಯ ಹ್ಯಾಟೆಗಳೂ ಹಾಗೆ ಮಾಡುತ್ತವೆ. ಕಾಲಿನ ಮುಳ್ಳು ತಡವಾಗಿ ಬೆಳೆಯುತ್ತದೆ, ಹಳೆಯ ಹೆಣ್ಣು ಕೋಳಿಗೂ ಬರಬಹುದು. ಕೂಗು ಕೇಳಿದರೆ ಹುಂಜವೆಂದು ಹೇಳಬಹುದು, ಆದರೆ ಕೂಗಲಿಲ್ಲವೆಂದು ಹ್ಯಾಟೆ ಎನ್ನಬೇಡಿ. ಮನೆಯಲ್ಲಿ ದೊಡ್ಡ ಹುಂಜ ಇದ್ದರೆ ಮರಿಹುಂಜ ಸುಮ್ಮನಿರುತ್ತದೆ.

ಮೊಟ್ಟೆಗೆ ಬಂದ ಹ್ಯಾಟೆ

ಐದಾರು ತಿಂಗಳಿಗೆ ಹ್ಯಾಟೆಯ ಜುಟ್ಟೂ ಕೆಂಪಾಗುತ್ತದೆ. ಆಗಲೇ ಹುಂಜವೆಂದು ಮಾರಿಬಿಡುವ ಅಪಾಯ ಹೆಚ್ಚು! ಬೆನ್ನ ಮೇಲೆ ಕೈಯಿಟ್ಟಾಗ ರೆಕ್ಕೆ ಅಗಲಿಸಿ ಕುಕ್ಕರಿಸಿದರೆ ಅದು ಮೊಟ್ಟೆಗೆ ಹತ್ತಿರವಾದ ಹ್ಯಾಟೆ. ಗುದದ್ವಾರದ ಕೆಳಗಿನ ಎರಡು ಮೂಳೆಗಳ ನಡುವೆ ಎರಡು ಬೆರಳು ಹಿಡಿಸುವಷ್ಟು ಜಾಗ ಬಂದಿದ್ದರೆ ಮೊಟ್ಟೆ ಶುರುವಾಗಿದೆ ಅಥವಾ ಇಷ್ಟರಲ್ಲೇ ಶುರುವಾಗುತ್ತದೆ.

ಏನು ಮಾಡಬೇಕು?

1. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಗೂಡಿನಿಂದ ಒಂದೊಂದೇ ಕೋಳಿ ಬಿಡುತ್ತಾ ನೋಡಿ.
2. ಗುರುತು ಸಿಕ್ಕ ಹ್ಯಾಟೆಯ ಕಾಲಿಗೆ ಬಣ್ಣದ ದಾರ ಸಡಿಲವಾಗಿ ಕಟ್ಟಿ. ಕಾಲು ದಪ್ಪವಾದಂತೆ ದಾರ ಬದಲಿಸಿ.
3. ಜುಟ್ಟು, ಗರಿ, ಕಾಲು ಮೂರೂ ಒಂದೇ ಮಾತು ಹೇಳುವವರೆಗೆ ಮಾರಬೇಡಿ. ಅನುಮಾನವಿದ್ದರೆ ಎರಡು ವಾರ ಕಾಯಿರಿ.
4. ಮರಿ ಮಾಡಿಸಲು 8ರಿಂದ 10 ಹೆಣ್ಣಿಗೆ ಒಂದು ಹುಂಜ ಸಾಕು. ತಿನ್ನುವ ಮೊಟ್ಟೆಗೆ ಹುಂಜವೇ ಬೇಡ. ಉಳಿದ ಹುಂಜಗಳನ್ನು ತೂಕ ಬಂದಾಗ ಮಾರಿ, ಕಾಳು ಉಳಿಸಿ.
5. ಇಟ್ಟುಕೊಳ್ಳುವ ಹುಂಜವನ್ನು ಬೇರೆ ಮನೆಯಿಂದ ತನ್ನಿ. ಒಂದೇ ತಾಯಿಯ ಮರಿಗಳು ಕೂಡಿದರೆ ಮುಂದಿನ ಮರಿಗಳು ಬಲಹೀನವಾಗುತ್ತವೆ.

ಕೋಳಿ ಹಿಡಿದ ಕೈಯನ್ನು ಸೋಪಿನಿಂದ ತೊಳೆಯದೆ ಕೆಚ್ಚಲು ಮುಟ್ಟಬೇಡಿ. ಕೊಟ್ಟಿಗೆಯಲ್ಲಿ ಉಣ್ಣೆ, ಹುಳ ಹೆಕ್ಕಲು ಕೋಳಿ ಬಂದರೆ ಒಳ್ಳೆಯದೇ. ಗೋದಲಿಗೂ ಹಾಲಿನ ಕ್ಯಾನಿಗೂ ಮಾತ್ರ ಬಿಡಬೇಡಿ.