ಸವೆದ ಗುಂಬ

ಆಟಿಕೆಯ ಲಾರಿಯೊಂದರ ದುರಸ್ತಿಯನ್ನು ಕುರಿತು ಕಲಾ ಕಾಲೇಜಿನ ವಿದ್ಯಾರ್ಥಿಯೊಬ್ಬನು ವಾರ್ಷಿಕ ಸಂಚಿಕೆಗೆ ಲೇಖನ ಬರೆದರೆ ಸಹಪಾಠಿಗಳು ನಕ್ಕಾರು. ನಗಲಿ. ಒಂದು ಗಾಲಿಯ ದೆಸೆಯಿಂದ ನಾನು ಎಂಟು ವರ್ಷದ ಹುಡುಗನೊಬ್ಬನನ್ನು ಅನ್ಯಾಯವಾಗಿ ಗದರಿಸಿದ್ದೇನೆ. ಆ ತಪ್ಪಿನಿಂದ ಕಲಿತದ್ದನ್ನು ವಾಚಕರಿಗೆ ಒಪ್ಪಿಸುತ್ತೇನೆ.

ಕುಷ್ಟಗಿಯಲ್ಲಿರುವ ಅಕ್ಕನ ಮಗನಿಗೆ ರೇಡಿಯೋ ಅಲೆಗಳ ಆಜ್ಞೆಯಂತೆ ಓಡುವ ಪುಟ್ಟ ಲಾರಿಯೊಂದನ್ನು ಕಳೆದ ದೀಪಾವಳಿಗೆ ನಾನೇ ಕೊಡಿಸಿದ್ದೆ. ಹೋಳಿಯ ರಜೆಯಲ್ಲಿ ಹೋದಾಗ ಅದು ಅಂಗಳದಲ್ಲಿ ನಿಂತಲ್ಲಿಯೇ ನಿಂತಿತ್ತು. ಮೋಟಾರು ಗುಂಯ್‌ಗುಡುತ್ತದೆ, ಲಾರಿ ಮಾತ್ರ ಅಲುಗದು. “ಕಲ್ಲಿಗೆ ಬಡದು ಕೆಡಿಸಿದಿಯಲ್ಲಲೇ!” ಎಂದು ಗದರಿದೆ. “ನಾ ಬಡದಿಲ್ಲ, ಮಾಮಾ” ಎಂದು ಅವನು ಅತ್ತನು. ನಾನು ನಂಬಲಿಲ್ಲ. ಲಾರಿಯನ್ನು ಚೀಲಕ್ಕೆ ಹಾಕಿಕೊಂಡು ಯಲಬುರ್ಗಾ ತಾಲೂಕಿನ ನಮ್ಮ ಊರಿಗೆ ಬಂದೆ.

ನಮ್ಮ ತಂದೆಯವರು ಬಡಿಗರು. ಅವರ ಕೈ ಪಳಗಿದ್ದು ಚಕ್ಕಡಿಯ ಗಾಲಿಗಳ ಮೇಲೆ. ಟ್ರ್ಯಾಕ್ಟರುಗಳು ಬಂದ ಮೇಲೆ ಆ ಕೆಲಸ ಕೇಳುವವರಿಲ್ಲವಾಗಿ ಈಗ ಬಾಗಿಲು ಚೌಕಟ್ಟುಗಳಲ್ಲಿ ದಿನ ಕಳೆಯುತ್ತಿದ್ದಾರೆ. ಅವರು ಲಾರಿಯನ್ನು ಮಗುಚಿ ಹಿಡಿದು, ಹಿಂದಿನ ಒಂದು ಗಾಲಿಯನ್ನು ಬೆರಳಿನಿಂದ ಅಲುಗಿಸಿ, “ಇದರ ಗುಂಬ ಸವದೈತಿ, ತಮ್ಮಾ. ಬಿಚ್ಚು” ಎಂದರು.

ಇಲ್ಲಿ ಸ್ವಲ್ಪ ಯಂತ್ರವಿಚಾರ ಅವಶ್ಯ. ಚಕ್ಕಡಿಯ ಅಚ್ಚು ತಿರುಗುವುದಿಲ್ಲ. ಎತ್ತು ಎಳೆದಾಗ ಗಾಲಿಯೇ ಅಚ್ಚಿನ ಸುತ್ತ ಉರುಳುತ್ತದೆ. ಗುಂಬಕ್ಕೂ ಅಚ್ಚಿಗೂ ನಡುವೆ ಸಡಿಲು ಬೇಕು, ಎಣ್ಣೆ ಬೇಕು. ಗಾಲಿ ಕಳಚದಂತೆ ಹೊರಗೊಂದು ಕಡಾಣಿ ಇದ್ದರಾಯಿತು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಜನರು ಎಳೆಯುವ ತೇರೂ ಹೀಗೆ ಎಳೆತದಿಂದಲೇ ಸಾಗುವಂಥದು. ಮೋಟಾರಿನ ಲಾರಿಯಲ್ಲಿ ಎಲ್ಲವೂ ತಿರುವುಮುರುವು. ಅಚ್ಚೇ ತಿರುಗಿ ಗಾಲಿಯನ್ನು ತಿರುಗಿಸಬೇಕಾದ್ದರಿಂದ ಗುಂಬವು ಅಚ್ಚನ್ನು ಬಿಗಿಯಾಗಿ ಹಿಡಿದಿರಬೇಕು. ಅಚ್ಚಿಗೆ ಅಡ್ಡಲಾಗಿ ಉಕ್ಕಿನ ಸಣ್ಣ ಕಡ್ಡಿ, ಆ ಕಡ್ಡಿಗೆ ಸಿಕ್ಕಿಕೊಳ್ಳುವ ಆರು ಮೂಲೆಯ ಲೋಹದ ಬಿಲ್ಲೆ, ಬಿಲ್ಲೆಯ ಮೇಲೆ ಅದೇ ಆಕಾರದ ಕುಳಿಯುಳ್ಳ ಪ್ಲಾಸ್ಟಿಕ್ ಗಾಲಿ, ಹೊರಗೆ ನಟ್ಟು.

ನಮ್ಮ ಬಿಲ್ಲೆಯ ಎದುರುಬದುರು ಬದಿಗಳ ಅಂತರ 12 ಮಿಲಿಮೀಟರು. ಮೂಲೆಯಿಂದ ಮೂಲೆಗೆ ಲೆಕ್ಕ ಹಾಕಿದರೆ 13.86 ಬರುತ್ತದೆ. ಒಂದರ ಅರ್ಧದಲ್ಲಿ ಇನ್ನೊಂದರ ಅರ್ಧ ಕಳೆದರೆ ಉಳಿಯುವುದು 0.93. ಮೋಟಾರಿನ ಬಲವೆಲ್ಲ ಒಂದು ಮಿಲಿಮೀಟರೂ ಎತ್ತರವಿಲ್ಲದ ಆರು ಮೂಲೆಗಳನ್ನು ನೆಚ್ಚಿಕೊಂಡಿದೆ! ಕುಳಿಯ ಮೂಲೆಗಳು ಸವೆದು ದುಂಡಗಾದರೆ ಬಿಲ್ಲೆ ಒಳಗೇ ತಿರುಗುತ್ತದೆ, ಗಾಲಿ ಸುಮ್ಮನಿರುತ್ತದೆ.

ಒಂದು ಗಾಲಿ ಕೆಟ್ಟರೆ ಅದರ ಜೊತೆಯದಾದರೂ ಲಾರಿಯನ್ನು ನೂಕಬಾರದೇ ಎಂದು ಕೇಳಬಹುದು. ಅದಕ್ಕೆ ಅಡ್ಡಿ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕಾದ್ದರಿಂದ ಎರಡಕ್ಕೂ ಬೇರೆ ಬೇರೆ ವೇಗ ಒದಗಿಸುವ ಹಲ್ಲುಚಕ್ರಗಳ ಜೋಡಣೆಯಿದು. ಒಂದು ಕಡೆ ತಡೆಯೇ ಇಲ್ಲವಾದರೆ ತಿರುಗಾಟವೆಲ್ಲ ಆ ಕಡೆಗೇ ಹೋಗುತ್ತದೆ. ಗಂಗಾವತಿಯ ಕಡೆಯ ಭತ್ತದ ಗದ್ದೆಯ ಕೆಸರಿನಲ್ಲಿ ಟ್ರ್ಯಾಕ್ಟರಿನ ಒಂದು ಗಾಲಿ ಗಿರಗಿರನೆ ಸುತ್ತಿ ಇನ್ನೊಂದು ಸುಮ್ಮನೆ ನಿಂತದ್ದನ್ನು ಅಲ್ಲಿಂದ ಬರುವ ಗೆಳೆಯರು ಕಂಡಿರಬೇಕು. ಟ್ರ್ಯಾಕ್ಟರಿನವನು ಪೆಡಲೊಂದನ್ನು ಮೆಟ್ಟಿ ಎರಡು ಗಾಲಿಗಳನ್ನೂ ಒಂದಾಗಿಸಿಕೊಳ್ಳುತ್ತಾನೆ. ನಮ್ಮ ಲಾರಿಗೆ ಆ ಸೌಕರ್ಯವಿಲ್ಲ.

ಅದಿರಲಿ, ಕುಳಿ ಸವೆದದ್ದೇಕೆ? ಕಲ್ಲಿಗೆ ಬಡಿದಿದ್ದರೆ ಗಾಲಿಯ ಅಂಚಿನಲ್ಲಿ ಗಾಯವಿರಬೇಕು, ಇರಲಿಲ್ಲ. ತಂದೆಯವರು ನಟ್ಟನ್ನು ಬೆಳಕಿಗೆ ಹಿಡಿದು, “ಕಡೀಗೆ ಇದನ್ನ ಬಿಗಿದಾಂವ ಯಾರು?” ಎಂದು ಕೇಳಿದರು. ನಾನೇ! ದೀಪಾವಳಿಯ ದಿನ ದೊಡ್ಡಸ್ತಿಕೆಗೆ ಗಾಲಿಗಳನ್ನು ಬಿಚ್ಚಿ ತೋರಿಸಿ, ನಟ್ಟುಗಳನ್ನು ಬೆರಳಿನಿಂದಲೇ ತಿರುವಿ ಕೊಟ್ಟಿದ್ದೆ. ಈ ನಟ್ಟಿನೊಳಗೆ ಸಡಿಲಾಗದಂತೆ ನೈಲಾನಿನ ಬಳೆಯೊಂದಿರುತ್ತದೆ. ಬೆರಳ ಬಲಕ್ಕೆ ನಟ್ಟು ಆ ಬಳೆಯ ಹತ್ತಿರ ಬಂದು ನಿಂತುಬಿಡುತ್ತದೆ. ಬಿಗಿಯಾಯಿತೆಂದು ನಾವು ಮೋಸಹೋಗುತ್ತೇವೆ. ಮುಂದೆ ಪಾನಾ ಹಾಕಿಯೇ ತಿರುವಬೇಕು. ಉಳಿದ ಸಂದಿನಲ್ಲಿ ಬಿಲ್ಲೆ ಅಲುಗಾಡುತ್ತ, ಲಾರಿ ಹಿಂದೆ ಮುಂದೆ ಓಡಿದಾಗಲೆಲ್ಲ ಕುಳಿಯ ಮೂಲೆಗಳನ್ನು ಜಜ್ಜಿತ್ತು.

ಹೊಸ ಗಾಲಿ ಹಾಕುವುದೇ ಸರಿಯಾದ ಉಪಾಯ. ಕುಕನೂರು ಬಳಿಯ ಭಾನಾಪುರದಲ್ಲಿ 2021ರಲ್ಲಿ ಆಟಿಕೆ ಕಾರ್ಖಾನೆಗಳ ಸಮುಚ್ಚಯಕ್ಕೆ ಅಡಿಗಲ್ಲು ಬಿದ್ದಿದೆಯಾದರೂ ಬಿಡಿ ಗಾಲಿ ನನಗೆ ಕೊಪ್ಪಳದ ಅಂಗಡಿಗಳಲ್ಲಿ ದೊರೆಯಲಿಲ್ಲ. ಹಳೆಯದನ್ನೇ ಸರಿಪಡಿಸಿದೆವು. ಕುಳಿಯ ಜಿಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಉಸುಕಿನ ಕಾಗದದಿಂದ ಒರಟು ಮಾಡಿ, ಎರಡು ಕೊಳವೆಯ ಅರಾಲ್ಡೈಟನ್ನು ಸಮಸಮ ಕಲಸಿ ತುಂಬಿದೆವು. ಬಿಲ್ಲೆಗೆ ಮೊದಲೇ ವ್ಯಾಸಲೀನು ಸವರಬೇಕು, ಇಲ್ಲವಾದರೆ ಅದೂ ಅಂಟಿಹೋಗಿ ಗಾಲಿಯನ್ನು ಮತ್ತೆ ಬಿಚ್ಚುವಂತಿಲ್ಲ. ಬಿಲ್ಲೆಯನ್ನು ಒತ್ತಿ, ಗಾಲಿ ಓರೆಯಾಗದಂತೆ ತಂದೆಯವರು ಕಣ್ಣಳತೆಯಲ್ಲೇ ನಿಲ್ಲಿಸಿದರು. ಒಂದು ಹಗಲು ಒಂದು ರಾತ್ರಿ ಮುಟ್ಟಲಿಲ್ಲ. ಬಿಲ್ಲೆ ತೆಗೆದಾಗ ಆರು ಮೂಲೆಗಳೂ ಹೊಸದಾಗಿ ಮೂಡಿದ್ದುವು.

ಯುಗಾದಿಗೆ ಕುಷ್ಟಗಿಗೆ ಹೋಗಿ, ತಪ್ಪು ನನ್ನದೆಂದು ಅಳಿಯನಿಗೆ ಹೇಳಿ, ಪಾನಾವನ್ನು ಅವನ ಕೈಗೇ ಕೊಟ್ಟೆನು. ಅವನು ನಾಲಿಗೆ ಕಚ್ಚಿಕೊಂಡು ಬಿಗಿದನು. ಲಾರಿ ಬೇವಿನ ಗಿಡದವರೆಗೆ ಓಡಿತು. ಅವನು ಅದರ ಹಿಂದೆಯೇ ಓಡಿ, ಅದನ್ನೆತ್ತಿ ನಟ್ಟುಗಳನ್ನು ಮುಟ್ಟಿ ನೋಡಿ, “ಉಳಿದ ಮೂರೂ ನಾನ ಬಿಗಿತೀನಿ, ಮಾಮಾ” ಎಂದನು.