ಹಿಡಿದ ನೇಮ ಉಳಿಯಬೇಕಾದರೆ

ಶ್ರಾವಣ ಮಾಸದಲ್ಲಿ ಮಠದ ಪ್ರವಚನ ಕೇಳಿ ಹಲವು ಸದ್ಭಕ್ತರು ಹೊಸ ನೇಮ ಹಿಡಿಯುತ್ತಾರೆ. ಒಬ್ಬರು ಸಕ್ಕರೆ ಬಿಡುತ್ತಾರೆ, ಇನ್ನೊಬ್ಬರು ನಸುಕಿನಲ್ಲಿ ಏಳತೊಡಗುತ್ತಾರೆ. ಸಂಕಲ್ಪ ಶುದ್ಧವಾಗಿಯೇ ಇರುತ್ತದೆ. ಆದರೆ ದೀಪಾವಳಿಯ ಹೊತ್ತಿಗೆ ಆ ನೇಮಗಳಲ್ಲಿ ಎಷ್ಟು ಉಳಿದಿರುತ್ತವೆ?

ನಮ್ಮಲ್ಲಿಗೆ ಚಿಕಿತ್ಸೆಗೆ ಬರುತ್ತಿದ್ದ ಮಧುಮೇಹಿ ಭಕ್ತರೊಬ್ಬರು ಒಂದು ಶ್ರಾವಣದಲ್ಲಿ ಸಿಹಿ ಚಹಾ ಬಿಡುವುದು, ನಿತ್ಯ ಒಂದು ಗಂಟೆ ನಡೆಯುವುದು, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವುದು ಎಂಬ ಮೂರು ನೇಮಗಳನ್ನು ಒಂದೇ ದಿನ ಆರಂಭಿಸಿದರು. ನಾವೂ ಮೆಚ್ಚಿ ಬೆನ್ನು ತಟ್ಟಿದೆವು. ಮೂರನೆಯ ವಾರ ನಂಟರ ಮನೆಯ ಸಮಾರಂಭದಲ್ಲಿ ನೇಮ ಮುರಿಯಿತು. ಅಲ್ಲಿಂದ ಅವರು ತಪಾಸಣೆಗೂ ಬರಲಿಲ್ಲ. ಕೆಲವು ತಿಂಗಳ ನಂತರ ಅಂಗಾಲಿನಲ್ಲಿ ಮಾಯದ ಗಾಯದೊಂದಿಗೆ ಬಂದು, “ನೇಮ ಮುರದ ಮ್ಯಾಲೆ ನಿಮಗ ಮಾರಿ ತೋರಸಾಕ ನಾಚಿಕಿ ಆತ್ರೀ” ಎಂದರು. ಶಸ್ತ್ರವೈದ್ಯರು ಕಾಲಿನ ಒಂದು ಬೆರಳನ್ನು ತೆಗೆಯಬೇಕಾಯಿತು. ತಪ್ಪು ಅವರೊಬ್ಬರದಲ್ಲ. ನೇಮವನ್ನು ಮೆಚ್ಚಿದ ನಾವು ಅದನ್ನು ಉಳಿಸಿಕೊಳ್ಳುವ ಕ್ರಮವನ್ನು ಹೇಳಿಕೊಟ್ಟಿರಲಿಲ್ಲ.

ಆ ಕ್ರಮ ಆಯುರ್ವೇದದಲ್ಲಿದೆ. ಚರಕ ಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯ ಅದನ್ನು ‘ಪಾದಾಂಶಿಕ ಕ್ರಮ’ ಎನ್ನುತ್ತದೆ. ಇಲ್ಲಿ ಪಾದವೆಂದರೆ ಕಾಲು ಭಾಗ. ದೀರ್ಘಕಾಲದ ರೂಢಿಯಿಂದ ಅಹಿತವೂ ದೇಹಕ್ಕೆ ಒಗ್ಗಿರುತ್ತದೆ; ಇದಕ್ಕೆ ‘ಓಕಸಾತ್ಮ್ಯ’ವೆಂದು ಹೆಸರು. ಅದನ್ನು ಒಮ್ಮೆಲೇ ಕಿತ್ತರೆ ದೇಹವೂ ಮನಸ್ಸೂ ಸಹಿಸವು. ಆದುದರಿಂದ ಅಹಿತವನ್ನು ಕಾಲು ಭಾಗ ಬಿಟ್ಟು, ಆ ಜಾಗಕ್ಕೆ ಹಿತವಾದುದನ್ನು ಕಾಲು ಭಾಗ ತರಬೇಕು. ಅದು ಒಗ್ಗಿದ ಮೇಲೆ ಅರ್ಧ, ಅನಂತರ ಮುಕ್ಕಾಲು, ಕೊನೆಗೆ ಪೂರ್ಣ.

ದಿನಕ್ಕೆ 4 ಲೋಟ ಸಿಹಿ ಚಹಾ ಕುಡಿಯುವವರು ಮೊದಲ ವಾರ ಒಂದು ಲೋಟವನ್ನಷ್ಟೇ ಸಕ್ಕರೆಯಿಲ್ಲದೆ ಕುಡಿಯಲಿ. ಎರಡನೆಯ ವಾರ 2, ಮೂರನೆಯ ವಾರ 3. ನಡಿಗೆಯ ಗುರಿ 40 ನಿಮಿಷವಾದರೆ 10 ನಿಮಿಷದಿಂದ ತೊಡಗಲಿ. ಗ್ರಂಥದಲ್ಲಿ ಹೇಳಿರುವ ಅಂತರ ಕೆಲವೇ ದಿನಗಳದು. ವಾರದ ಲೆಕ್ಕ ನಮ್ಮ ಅನುಭವದ್ದು. ಒಮ್ಮೆಗೆ ಒಂದೇ ನೇಮ ಸಾಕು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಆಹಾರ ಬದಲಿಸುವ ಮುನ್ನ ವೈದ್ಯರಿಗೆ ತಿಳಿಸಬೇಕು. ಔಷಧವನ್ನು ತಾವಾಗಿ ಬಿಡಬಾರದು. ತಂಬಾಕು, ಮದ್ಯಗಳನ್ನು ಬಿಡುವ ಬಗೆ ಬೇರೆ. ಅದನ್ನೂ ವೈದ್ಯರೊಡನೆ ಕೂಡಿ ನಿರ್ಧರಿಸಬೇಕು.

ಇನ್ನೊಂದು ಮಾತು. ಹೊಸ ಅಭ್ಯಾಸವನ್ನು ಎಂದೂ ತಪ್ಪದ ಹಳೆಯ ಅಭ್ಯಾಸವೊಂದಕ್ಕೆ ಕಟ್ಟಬೇಕು. ನಮ್ಮ ಮನೆಗಳಲ್ಲಿ ಇಷ್ಟಲಿಂಗ ಪೂಜೆ ಅಂಥದು. ಪೂಜೆ ಮುಗಿದೊಡನೆ ನಡಿಗೆ ಎಂದು ಗೊತ್ತುಮಾಡಿಕೊಂಡರೆ ‘ಯಾವಾಗ ಹೋಗಲಿ’ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಅಭ್ಯಾಸ ನೆಲೆಗೊಳ್ಳಲು ಎಷ್ಟು ದಿನ ಬೇಕು? ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 96 ಜನರನ್ನು ಅಭ್ಯಸಿಸಿ 2010ರಲ್ಲಿ ಪ್ರಕಟಿಸಿದ ವರದಿಯಂತೆ ಸುಮಾರು 66 ದಿನಗಳು. ವ್ಯಕ್ತಿಗೂ ಅಭ್ಯಾಸಕ್ಕೂ ತಕ್ಕಂತೆ ಅದು 18ರಿಂದ 254 ದಿನಗಳವರೆಗೆ ಬದಲಾಗಬಹುದು. ನಡುವೆ ಒಂದು ದಿನ ತಪ್ಪಿದುದರಿಂದ ಅಭ್ಯಾಸ ಕೆಡಲಿಲ್ಲವೆಂಬುದನ್ನೂ ಅವರು ಕಂಡರು. ಒಂದು ಶ್ರಾವಣಕ್ಕೆ ಇರುವುದು 30 ದಿನ. ಆದುದರಿಂದ ಮಾಸ ಮುಗಿದಾಗ ನೇಮ ಇನ್ನೂ ಎಳೆಯದೇ ಆಗಿರುತ್ತದೆಂದು ತಿಳಿಯಬೇಕು.

ಆ ಭಕ್ತರು ಈಗ ಸ್ನಾನವಾದೊಡನೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತಾರೆ, ಪೂಜೆಯ ನಂತರ ನಡೆಯುತ್ತಾರೆ. ತಪ್ಪಿದ ದಿನಗಳನ್ನೂ ಸಂಕೋಚವಿಲ್ಲದೆ ಹೇಳುತ್ತಾರೆ. ಸದ್ಭಕ್ತರಲ್ಲಿ ನಮ್ಮ ಬಿನ್ನಹವೂ ಇಷ್ಟೇ: ನೇಮ ತಪ್ಪಿದರೆ ಮರುದಿನ ಮತ್ತೆ ಹಿಡಿಯಿರಿ, ತಪ್ಪಿತೆಂದು ವೈದ್ಯರಿಗೆ ಮುಖ ಮರೆಸಬೇಡಿ.